ನಡುಮನೆಗೆ ಬಿದ್ದ ಕನ್ನ

ನಿವೃತ್ತರಾದ ನನ್ನ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಪಿಂಚಣಿ ಬ್ಯಾಂಕಿಗೆ ಬರುತ್ತದೆ. ಬ್ಯಾಂಕಿನ ವ್ಯವಹಾರವೆಲ್ಲ ಈಗ ಮೊಬೈಲಿಗೆ ಬಂದಿದೆ. ಹಣ ಕಳಿಸಬೇಕಾದಾಗಲೆಲ್ಲ ಆರಂಕಿಯ ಒಂದು ಗುಟ್ಟಿನ ಸಂಖ್ಯೆ ಕಿರುಸಂದೇಶವಾಗಿ ಅವರ ಫೋನಿಗೆ ಬರುತ್ತದೆ. ಅದನ್ನು ಒತ್ತಿದ ಮೇಲೆಯೇ ಹಣ ಕದಲುವುದು. “ಈ ಸಂಖ್ಯೆಯನ್ನು ನಾನು ಯಾರಿಗೂ ಹೇಳುವವನಲ್ಲ. ಫೋನು ಸದಾ ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ಹೀಗಿದ್ದ ಮೇಲೆ ನನ್ನ ಹಣಕ್ಕೆ ಏನಾದರೂ ಭಯವುಂಟೇ, ಸ್ವಾಮಿ?” ಎಂದರು. ನಾನು ಬಹಳ ಧೈರ್ಯವಾಗಿ, “ಏನೂ ಭಯವಿಲ್ಲ. ನಿಮ್ಮ ಜೇಬಿಗೆ ಬರುವ ಕಾಗದವನ್ನು ಇನ್ನೊಬ್ಬರು ಓದುವುದಾದರೂ ಹೇಗೆ?” ಎಂದೆ. ಅವರು ಸಮಾಧಾನದಿಂದ ಕಾಫಿ ಕುಡಿದು ಹೊರಟುಹೋದರು.

ನನ್ನ ಉತ್ತರ ತಪ್ಪಾಗಿತ್ತು. ತಪ್ಪೆಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ಅದನ್ನು ತಿದ್ದಿಕೊಳ್ಳುವ ಸಲುವಾಗಿ ನಾನು ಓದಿ ತಿಳಿಯಬೇಕಾಗಿ ಬಂದ ಚರಿತ್ರೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಮೊಬೈಲು ಎಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಕೈಯಲ್ಲಿರುವ ಯಂತ್ರ. ಹೆಚ್ಚೆಂದರೆ ಎದುರು ಮಹಡಿಯ ಮೇಲೆ ನಿಂತಿರುವ ಗೋಪುರ. ಆದರೆ ಇವೆರಡೂ ಮನೆಯ ಜಗುಲಿಯಿದ್ದಂತೆ. ಗೋಪುರದಿಂದ ಆಚೆಗೆ, ನಾವು ಯಾರೂ ನೋಡದ ಕಟ್ಟಡಗಳಲ್ಲಿ, ಯಾರು ಈಗ ಯಾವ ಊರಿನಲ್ಲಿದ್ದಾರೆ, ಯಾರ ಕರೆ ಯಾರಿಗೆ ಹೋಗಬೇಕು, ಯಾವ ಸಂದೇಶವನ್ನು ಎಲ್ಲಿಗೆ ತಲುಪಿಸಬೇಕು, ಯಾರಿಂದ ಎಷ್ಟು ಹಣ ಬರಬೇಕು ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಂಡು ಕುಳಿತಿರುವ ಗಣಕಯಂತ್ರಗಳ ಕೂಟವೊಂದಿದೆ. ಬಲ್ಲವರು ಅದನ್ನು ಕೋರ್ ನೆಟ್‌ವರ್ಕ್ ಎನ್ನುತ್ತಾರೆ. ನಾನು ನಡುಮನೆ ಎನ್ನುತ್ತೇನೆ. ಜಗುಲಿಯ ಮೇಲೆ ಕುಳಿತವನಿಗೆ ಕಳ್ಳನ ಭಯವೆಲ್ಲ ಬೀದಿಯ ಕಡೆಯಿಂದಲೇ. ನನ್ನ ಮಿತ್ರರಿಗೂ ನನಗೂ ಇದ್ದದ್ದು ಆ ಭಯ. ನಡುಮನೆಯ ಯೋಚನೆ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ.

ಈ ನಡುಮನೆಯ ಚರಿತ್ರೆ ಒಂದು ಅಪನಂಬಿಕೆಯಿಂದಲೇ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತನಿದ್ದ. ಅವನ ಕಸುಬು ಶವಸಂಸ್ಕಾರದ ಏರ್ಪಾಡು ಮಾಡುವುದು. ಆಗ ಟೆಲಿಫೋನು ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದರು. ಜೋಡಿಸುವ ಕಚೇರಿಯಲ್ಲಿ ಕುಳಿತಿದ್ದ ಹೆಂಗಸು ಸ್ಟ್ರೌಜರನ ಪ್ರತಿಸ್ಪರ್ಧಿಯ ಹೆಂಡತಿಯೆಂದೂ, ಸ್ಟ್ರೌಜರನಿಗೆ ಬರುವ ಕರೆಗಳನ್ನು ಆಕೆ ತನ್ನ ಗಂಡನಿಗೆ ತಿರುಗಿಸುತ್ತಿದ್ದಳೆಂದೂ ಕಥೆಯಿದೆ. ಕಥೆಯಲ್ಲಿ ನಿಜವೆಷ್ಟೇ ಇರಲಿ, ಮನುಷ್ಯರ ಕೈಯಿಲ್ಲದೆ ತಾನಾಗಿಯೇ ಕರೆಯನ್ನು ಜೋಡಿಸುವ ಯಂತ್ರಕ್ಕೆ 1891ರಲ್ಲಿ ಅವನಿಗೆ ಹಕ್ಕುಪತ್ರ ಸಿಕ್ಕಿದ್ದು ನಿಜ. ಮಾರನೆಯ ವರ್ಷ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಕೆಲಸಕ್ಕೆ ನಿಂತದ್ದೂ ನಿಜ. ಆ ಜಾತಿಯ ಯಂತ್ರಗಳನ್ನೇ ನಮ್ಮ ಬೆಂಗಳೂರಿನಲ್ಲಿ, 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ನನ್ನ ಸೋದರಮಾವ ಅಲ್ಲಿ ಕೆಲಸದಲ್ಲಿದ್ದರು. ದೂರವಾಣಿನಗರದ ಅವರ ಮನೆಗೆ ರಜೆಯಲ್ಲಿ ಹೋದಾಗ, “ಈ ಯಂತ್ರಕ್ಕೆ ನೆಂಟರಿಲ್ಲ, ಇಷ್ಟರಿಲ್ಲ, ಅದಕ್ಕೇ ಅದು ಮೋಸ ಮಾಡುವುದಿಲ್ಲ” ಎಂದು ಅವರು ಹೇಳುತ್ತಿದ್ದರು. ನಮ್ಮೂರಿನ ಟ್ರಂಕ್ ಕಾಲಿನ ಕಾಲವನ್ನು ಕಂಡಿದ್ದ ನನಗೆ ಆ ಮಾತು ಒಪ್ಪಿಗೆಯಾಗಿತ್ತು. ಮನೆಯಲ್ಲಿ ಹುಡುಗಿಯ ಮದುವೆ ಗೊತ್ತಾದ ಸುದ್ದಿ ನೆರೆಮನೆಗೆ ಹೋಗುವ ಮೊದಲೇ ಟೆಲಿಫೋನು ಕಚೇರಿಗೆ ತಿಳಿಯುತ್ತಿದ್ದ ದಿನಗಳವು.

ಯಂತ್ರಕ್ಕೆ ನೆಂಟರಿಲ್ಲದಿರಬಹುದು, ಆದರೆ ಅದು ಯಾರ ಮಾತನ್ನಾದರೂ ಕೇಳಲೇಬೇಕಷ್ಟೆ? ಅಮೆರಿಕದ ದೂರದ ತಂತಿಗಳಲ್ಲಿ ಯಂತ್ರಗಳು ಒಂದರೊಡನೊಂದು ಶಬ್ದದ ಮೂಲಕ ಮಾತನಾಡುತ್ತಿದ್ದವು. ತಂತಿ ಬಿಡುವಾಗಿದೆ ಎನ್ನುವುದಕ್ಕೆ ಗುರುತು, ಸೆಕೆಂಡಿಗೆ 2,600 ಕಂಪನಗಳ ಒಂದು ಸ್ವರ. ಆ ಸ್ವರ ನಿಂತರೆ ಯಾರೋ ಮಾತನಾಡಲು ತಂತಿಯನ್ನು ಹಿಡಿದಿದ್ದಾರೆ ಎಂದರ್ಥ. ಆಮೇಲೆ ಬರುವ ಅಂಕಿಗಳಿಗೂ ಜೋಡಿ ಸ್ವರಗಳಿದ್ದವು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಬೆಲ್ ಕಂಪೆನಿಯ ತಾಂತ್ರಿಕ ಪತ್ರಿಕೆಯಲ್ಲಿ 1954ರಲ್ಲೂ 1960ರಲ್ಲೂ ಈ ವಿವರಗಳೆಲ್ಲ ಪ್ರಕಟವಾಗಿದ್ದವು. ತೊಂದರೆಯೆಲ್ಲ ಇದ್ದದ್ದು ಒಂದೇ ಕಡೆ: ಯಂತ್ರಗಳು ಆಡುವ ಮಾತೂ ಮನುಷ್ಯರು ಆಡುವ ಮಾತೂ ಒಂದೇ ತಂತಿಯಲ್ಲಿ ಹರಿಯುತ್ತಿದ್ದವು. ಸ್ವರ ಯಂತ್ರದ್ದೋ ಮನುಷ್ಯನದ್ದೋ ಎಂದು ಕೇಳುವವರು ಯಾರೂ ಇರಲಿಲ್ಲ.

1957ರ ಸುಮಾರಿಗೆ ಜೋ ಎಂಗ್ರೇಸಿಯಾ ಎಂಬ ಏಳೆಂಟು ವರ್ಷದ ಹುಟ್ಟುಕುರುಡ ಬಾಲಕ ಇದನ್ನು ಕಂಡುಹಿಡಿದ. ಅವನಿಗೆ ಶ್ರುತಿಜ್ಞಾನ ಅಸಾಧಾರಣವಾಗಿತ್ತು. ಟೆಲಿಫೋನಿನಲ್ಲಿ ಒಂದು ನಿರ್ದಿಷ್ಟ ಶ್ರುತಿಯಲ್ಲಿ ಶಿಳ್ಳೆ ಹಾಕಿದರೆ ಕರೆ ಕಡಿದುಹೋಗುತ್ತದೆಂಬುದು ಅವನಿಗೆ ಹೊಳೆಯಿತು. ಕಂಪೆನಿಯ ಎಂಜಿನಿಯರುಗಳು ಇಷ್ಟು ಜೋಪಾನವಾಗಿ ಕಟ್ಟಿದ ಕೋಟೆಯ ಬಾಗಿಲು ಒಬ್ಬ ಕುರುಡು ಹುಡುಗನ ತುಟಿಗೆ ತೆರೆದುಕೊಂಡಿತು. ಮುಂದೆ ಜಾನ್ ಡ್ರೇಪರ್ ಎಂಬವನು ಬೆಳಗಿನ ತಿಂಡಿಯ ಪೊಟ್ಟಣದೊಳಗೆ ಮಕ್ಕಳಿಗೆಂದು ಇಡುತ್ತಿದ್ದ ಆಟದ ಪೀಪಿಯೊಂದರಲ್ಲಿ ಅದೇ ಸ್ವರ ಹೊರಡುತ್ತದೆಂಬುದರಿಂದ ಪ್ರಸಿದ್ಧನಾದ. ಈ ಸ್ವರಗಳನ್ನೆಲ್ಲ ಹೊರಡಿಸುವ ಸಣ್ಣ ಪೆಟ್ಟಿಗೆಗಳು ಹುಟ್ಟಿಕೊಂಡವು. ‘ನೀಲಿ ಪೆಟ್ಟಿಗೆ’ ಎಂದು ಅವಕ್ಕೆ ಹೆಸರಾಯಿತು. 1971ರ ಅಕ್ಟೋಬರಿನಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಇವುಗಳ ಮೇಲೆ ಲೇಖನವೊಂದು ಬಂತು. ಅದನ್ನು ಓದಿದ ಇಬ್ಬರು ತರುಣರು ತಾವೂ ಪೆಟ್ಟಿಗೆಗಳನ್ನು ಮಾಡಿ ಮಾರಿದರು. ಒಬ್ಬ ಸ್ಟೀವ್ ವೊಜ್ನಿಯಾಕ್, ಇನ್ನೊಬ್ಬ ಸ್ಟೀವ್ ಜಾಬ್ಸ್. ಆಪಲ್ ಕಂಪೆನಿಯನ್ನು ಕಟ್ಟಿದವರು ಇವರೇ.

ಕಂಪೆನಿ ಎಚ್ಚೆತ್ತಿತು. ಔಷಧವೂ ಸಿಕ್ಕಿತು: ಯಂತ್ರಗಳ ಮಾತಿಗೆ ಬೇರೆಯ ತಂತಿ, ಮನುಷ್ಯರ ಮಾತಿಗೆ ಬೇರೆಯ ತಂತಿ. ಅಮೆರಿಕದಲ್ಲಿ 1976ರಲ್ಲಿ ಈ ಪದ್ಧತಿ ಆರಂಭವಾಯಿತು. 1980ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಇದಕ್ಕೆ ಜಗತ್ತಿಗೆಲ್ಲ ಒಪ್ಪುವ ಕ್ರಮವೊಂದನ್ನು ಗೊತ್ತುಮಾಡಿತು. ಅದೇ ಏಳನೆಯ ಸಂಕೇತ ವ್ಯವಸ್ಥೆ. ಬಲ್ಲವರ ಬಾಯಲ್ಲಿ ಎಸ್‌ಎಸ್ 7. ಇನ್ನು ಹುಡುಗರು ಎಷ್ಟು ಶಿಳ್ಳೆ ಹಾಕಿದರೂ ಪ್ರಯೋಜನವಿಲ್ಲ. ಜಗುಲಿಯಲ್ಲಿ ಆಡಿದ ಮಾತು ನಡುಮನೆಯ ಆಳುಗಳ ಕಿವಿಗೆ ಬೀಳುವುದೇ ಇಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಗ್ರಾಹಕನ ಮೇಲೆ ಇದ್ದ ನಂಬಿಕೆಯನ್ನು ತೆಗೆದುಹಾಕಿದರು, ಸರಿ. ಆದರೆ ಆ ನಂಬಿಕೆ ಇಲ್ಲವಾಗಲಿಲ್ಲ. ಒಂದು ಕೋಣೆ ಒಳಗೆ ಸರಿಯಿತು, ಅಷ್ಟೆ. ಹೊಸ ವ್ಯವಸ್ಥೆಯಲ್ಲಿ ಒಂದು ಕಂಪೆನಿಯ ಯಂತ್ರ ಇನ್ನೊಂದು ಕಂಪೆನಿಯ ಯಂತ್ರ ಹೇಳಿದ್ದನ್ನು ನಂಬುತ್ತಿತ್ತು. “ನೀನು ಯಾರು? ನಿನ್ನ ಮಾತಿಗೆ ಪುರಾವೆಯೇನು?” ಎಂದು ಕೇಳುವ ಏರ್ಪಾಡೇ ಅದರಲ್ಲಿರಲಿಲ್ಲ. ಇದು ಆ ಕಾಲಕ್ಕೆ ದಡ್ಡತನವಾಗಿರಲಿಲ್ಲ. 1980ರಲ್ಲಿ ಟೆಲಿಫೋನು ನಡೆಸುತ್ತಿದ್ದವರು ಬಹುಮಟ್ಟಿಗೆ ಸರಕಾರಗಳು, ಇಲ್ಲವೆ ಸರಕಾರದಷ್ಟೇ ದೊಡ್ಡ ಕಂಪೆನಿಗಳು. ನಾಲ್ಕು ಮನೆಯ ಅಗ್ರಹಾರದಲ್ಲಿ ಯಾರು ಬಾಗಿಲಿಗೆ ಅಗುಳಿ ಹಾಕುತ್ತಾರೆ?

ಆಮೇಲೆ ಮೊಬೈಲು ಬಂತು. ಈಗಿನ ಬಗೆಯ ಮೊಬೈಲಿನ ಮೊದಲ ಕರೆ ಫಿನ್ಲೆಂಡಿನಲ್ಲಿ ನಡೆದದ್ದು 1991ರ ಜುಲೈ 1ರಂದು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಕಲಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡಿದರು. ಮೊಬೈಲಿನಿಂದ ನಡುಮನೆಗೆ ಹೊಸದೊಂದು ಹೊಣೆ ಬಂತು. ಗೋಡೆಗೆ ಅಂಟಿದ ಫೋನು ಎಲ್ಲಿದೆಯೆಂದು ಯಾರೂ ಹುಡುಕಬೇಕಾಗಿಲ್ಲ. ಜೇಬಿನ ಫೋನಾದರೋ ಬೆಳಿಗ್ಗೆ ಮೈಸೂರಿನಲ್ಲಿ, ಮಧ್ಯಾಹ್ನ ಮುಂಬಯಿಯಲ್ಲಿ, ರಾತ್ರಿ ದುಬಾಯಿಯಲ್ಲಿ. ಆದ್ದರಿಂದ ಪ್ರತಿಯೊಂದು ಕಂಪೆನಿಯೂ ತನ್ನ ಗ್ರಾಹಕರ ಒಂದು ದೊಡ್ಡ ಖಾತೆಯನ್ನು ಇಟ್ಟುಕೊಂಡಿರುತ್ತದೆ. ಅದನ್ನು ತವರಿನ ಖಾತೆ ಎನ್ನೋಣ. ಫೋನು ಬೇರೆ ಊರಿಗೋ ಬೇರೆ ದೇಶಕ್ಕೋ ಹೋದಾಗ ಅಲ್ಲಿಯ ಕಂಪೆನಿ ತವರಿಗೆ ಹೇಳಿ ಕಳಿಸುತ್ತದೆ: “ನಿಮ್ಮ ಹುಡುಗಿ ಈಗ ನಮ್ಮಲ್ಲಿದ್ದಾಳೆ; ಅವಳಿಗೆ ಬರುವ ಕಾಗದಗಳನ್ನು ಇಲ್ಲಿಗೆ ಕಳಿಸಿ.” ತವರಿನವರು ಹಾಗೆಯೇ ಬರೆದುಕೊಳ್ಳುತ್ತಾರೆ, ಕಾಗದಗಳು ಅತ್ತ ಹೋಗುತ್ತವೆ.

ಹುಡುಗಿ ನಿಜವಾಗಿಯೂ ಅಲ್ಲಿಗೆ ಬಂದಿದ್ದಾಳೆಯೇ? ಹೇಳಿ ಕಳಿಸಿದವರು ಯಾರು? ಏಳನೆಯ ಸಂಕೇತ ವ್ಯವಸ್ಥೆಗೆ ಈ ಪ್ರಶ್ನೆಗಳು ಗೊತ್ತಿಲ್ಲ. ಅಷ್ಟರಲ್ಲಿ ಅಗ್ರಹಾರದ ನಾಲ್ಕು ಮನೆಗಳು ಜಗತ್ತಿನಾದ್ಯಂತ ನೂರಾರು ಕಂಪೆನಿಗಳಾಗಿ ಬೆಳೆದಿದ್ದವು. ಕೆಲವು ಕಂಪೆನಿಗಳು ತಮ್ಮ ಪ್ರವೇಶವನ್ನು ಬಾಡಿಗೆಗೂ ಕೊಡತೊಡಗಿದವು. ಟೋಬಿಯಾಸ್ ಎಂಗೆಲ್ ಎಂಬ ಜರ್ಮನ್ ಸಂಶೋಧಕ 2008ರಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ, ಬರಿಯ ಫೋನು ಸಂಖ್ಯೆ ಗೊತ್ತಿದ್ದರೆ ಸಾಕು, ಈ ವ್ಯವಸ್ಥೆಯನ್ನು ಕೇಳಿ ಅದರ ಒಡೆಯ ಎಲ್ಲಿದ್ದಾನೆಂದು ತಿಳಿಯಬಹುದೆಂದು ತೋರಿಸಿದ. 2014ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನಲ್ಲಿ ಅವನೂ ಕಾರ್ಸ್ಟನ್ ನೋಲ್ ಎಂಬ ಇನ್ನೊಬ್ಬ ಸಂಶೋಧಕನೂ ಇನ್ನೂ ಮುಂದಕ್ಕೆ ಹೋದರು: ಕರೆಗಳನ್ನು ಕದ್ದು ಕೇಳಬಹುದು, ಸಂದೇಶಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು.

ಎರಡೇ ವರ್ಷಗಳಲ್ಲಿ ಕಳ್ಳರೂ ಆ ಪಾಠ ಕಲಿತರು. 2017ರ ಮೇ ತಿಂಗಳಿನಲ್ಲಿ ಸ್ಯೂಡ್‌ಡಾಯ್ಚೆ ಜೈಟುಂಗ್ ಎಂಬ ಜರ್ಮನ್ ದಿನಪತ್ರಿಕೆ ಒಂದು ಸುದ್ದಿ ಪ್ರಕಟಿಸಿತು. ಓ2 ಟೆಲಿಫೋನಿಕಾ ಕಂಪೆನಿ ಅದನ್ನು ಒಪ್ಪಿಕೊಂಡಿತು. ಕಳ್ಳರು ಮೊದಲು ಮೋಸದ ಮಿಂಚಂಚೆಗಳಿಂದ ಜನರ ಬ್ಯಾಂಕಿನ ಗುಪ್ತಪದಗಳನ್ನು ಸಂಪಾದಿಸಿದ್ದರು. ಆದರೆ ಹಣ ಕದಲಬೇಕಾದರೆ ಫೋನಿಗೆ ಬರುವ ಗುಟ್ಟಿನ ಸಂಖ್ಯೆಯೂ ಬೇಕಲ್ಲ? ಅದಕ್ಕಾಗಿ ಹೊರದೇಶದ ಕಂಪೆನಿಯೊಂದರ ಮೂಲಕ, “ಈ ಗ್ರಾಹಕರು ಈಗ ನಮ್ಮಲ್ಲಿದ್ದಾರೆ” ಎಂದು ತವರಿಗೆ ಸುಳ್ಳು ಹೇಳಿ ಕಳಿಸಿದರು. ಬ್ಯಾಂಕಿನ ಸಂದೇಶಗಳು ನೇರವಾಗಿ ಕಳ್ಳರ ಕೈ ಸೇರಿದವು, ಖಾತೆಗಳು ಬರಿದಾದವು. ಒಡೆಯರ ಫೋನುಗಳು ಆಗಲೂ ಅವರವರ ಜೇಬಿನಲ್ಲೇ ಇದ್ದವು.

ಈ ಸುದ್ದಿಯನ್ನು ಓದಿದಾಗಲೇ ನನಗೆ ನನ್ನ ಮಿತ್ರರ ಕಾಫಿಯ ಲೋಟ ನೆನಪಾದದ್ದು. ‘ಜೇಬಿಗೆ ಬರುವ ಕಾಗದ’ ಎಂದಿದ್ದೆ. ಕಾಗದ ಜೇಬಿಗೆ ಬರುವ ಮೊದಲು ಒಂದು ಅಂಚೆಮನೆಯನ್ನು ಹಾಯ್ದು ಬರುತ್ತದೆ ಎಂಬುದನ್ನು ಮರೆತಿದ್ದೆ.

ಇಷ್ಟಾದರೂ ಇದು ಹಣದ ಮಾತಾಯಿತು. ಇದಕ್ಕಿಂತ ಗಹನವಾದ ಪ್ರಕರಣ ಇದಕ್ಕೆ ಹನ್ನೆರಡು ವರ್ಷ ಮೊದಲೇ ಗ್ರೀಸಿನ ಅಥೆನ್ಸ್ ನಗರದಲ್ಲಿ ನಡೆದುಹೋಗಿತ್ತು. ಅದು ತಿಳಿಯಬೇಕಾದರೆ ನಡುಮನೆಯಲ್ಲಿರುವ ಇನ್ನೊಂದು ಬಾಗಿಲಿನ ವಿಷಯ ತಿಳಿಯಬೇಕು. ಅಪರಾಧಿಗಳ ಮಾತನ್ನು ಕಾನೂನಿನ ಅಪ್ಪಣೆ ಪಡೆದು ಕೇಳುವುದಕ್ಕಾಗಿ ಟೆಲಿಫೋನು ಯಂತ್ರಗಳಲ್ಲಿಯೇ ಒಂದು ಅನುಕೂಲವಿರಬೇಕೆಂದು ಸರಕಾರಗಳು ಬಯಸುತ್ತವೆ. ಅಮೆರಿಕ 1994ರಲ್ಲಿ ಇದಕ್ಕೆ ಶಾಸನವನ್ನೇ ಮಾಡಿತು. ಅಂದಿನಿಂದ ಯಂತ್ರ ಮಾಡುವವರು ಈ ಅನುಕೂಲವನ್ನೂ ಸೇರಿಸಿಯೇ ಮಾರುತ್ತ ಬಂದರು. ಅಥೆನ್ಸಿನಲ್ಲಿ ವೊಡಾಫೋನ್ ಕಂಪೆನಿ ಎರಿಕ್ಸನ್ ಕಂಪೆನಿಯಿಂದ ಕೊಂಡಿದ್ದ ಯಂತ್ರಗಳಿಗೆ 2003ರಲ್ಲಿ ಹೊಸ ತಂತ್ರಾಂಶ ಬಂತು. ಅದರ ಜೊತೆಗೆ ಕದ್ದಾಲಿಸುವ ಭಾಗವೂ ಬಂತು. ಆದರೆ ಯಾರ ಮಾತನ್ನು ಯಾರ ಅಪ್ಪಣೆಯಿಂದ ಕೇಳಲಾಗುತ್ತಿದೆಯೆಂದು ಲೆಕ್ಕವಿಡುವ ಭಾಗ ಬೇರೆಯಾಗಿತ್ತು. ಅದನ್ನು ಆ ಕಂಪೆನಿ ಇನ್ನೂ ಕೊಂಡಿರಲಿಲ್ಲ. ಬಾಗಿಲು ಇತ್ತು, ಕಾವಲುಗಾರನಿರಲಿಲ್ಲ.

2004ರ ಆಗಸ್ಟಿನಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಆ ಹೊತ್ತಿಗೆ ಯಾರೋ ಆ ಯಂತ್ರಗಳೊಳಗೆ ಸುಮಾರು 6,500 ಸಾಲುಗಳ ಕಳ್ಳ ತಂತ್ರಾಂಶವನ್ನು ಸೇರಿಸಿದ್ದರು. ಅದು ಮಲಗಿದ್ದ ಬಾಗಿಲನ್ನು ಎಬ್ಬಿಸಿತು. ನೂರಕ್ಕೂ ಹೆಚ್ಚು ಫೋನುಗಳ ಮಾತು ಹದಿನಾಲ್ಕು ಅನಾಮಧೇಯ ಫೋನುಗಳಿಗೆ ಜೊತೆಜೊತೆಯಲ್ಲೇ ಹರಿಯತೊಡಗಿತು. ಆ ನೂರರಲ್ಲಿ ಪ್ರಧಾನಿ ಕೋಸ್ತಾಸ್ ಕರಮನ್ಲಿಸ್ ಅವರ ಫೋನಿತ್ತು, ಅವರ ಪತ್ನಿಯದಿತ್ತು, ಮಂತ್ರಿಗಳದಿತ್ತು, ಅಥೆನ್ಸಿನ ಮೇಯರದಿತ್ತು. ಕಳ್ಳ ತಂತ್ರಾಂಶ ಎಷ್ಟು ಚತುರವೆಂದರೆ, ಯಂತ್ರದಲ್ಲಿ ಏನೇನು ನಡೆಯುತ್ತಿದೆಯೆಂದು ನೋಡಹೊರಟವರಿಗೆ ತಾನು ಕಾಣದಂತೆ ಮರೆಮಾಡಿಕೊಂಡಿತ್ತು. ಒಂದು ಸಾಮಾನ್ಯ ಆಜ್ಞೆಯನ್ನು ಬರೆದು ಅದರ ಮುಂದೆ ಆರು ಸಲ ಖಾಲಿ ಜಾಗ ಬಿಟ್ಟರೆ ಸಾಕು, ದಿನಚರಿ ಬರೆಯುವುದನ್ನು ಯಂತ್ರ ನಿಲ್ಲಿಸುತ್ತಿತ್ತು. ಕಣ್ಣಿಗೆ ಕಾಣದ ಆರು ಖಾಲಿ ಜಾಗಗಳು. ಬೀಗದ ಕೈ ಅಷ್ಟೆ.

ಅದು ಸಿಕ್ಕಿಬಿದ್ದದ್ದೂ ಕಾವಲಿನಿಂದಲ್ಲ, ಕಳ್ಳರ ಕೈತಪ್ಪಿನಿಂದ. 2005ರ ಜನವರಿ 24ರಂದು ಅವರು ತಮ್ಮ ತಂತ್ರಾಂಶವನ್ನು ಬದಲಾಯಿಸಹೊರಟಾಗ ಏನೋ ಕೆಟ್ಟು, ಕೆಲವು ಕಿರುಸಂದೇಶಗಳು ತಲುಪದೆ ಹೋದವು. ದೂರು ಬಂತು; ಎರಿಕ್ಸನ್ನಿನವರು ವಾರಗಟ್ಟಲೆ ಹುಡುಕಿದರು; ಮಾರ್ಚಿನ ಮೊದಲ ವಾರದಲ್ಲಿ ಗುಟ್ಟು ಹೊರಬಿತ್ತು. ವೊಡಾಫೋನಿನ ಮುಖ್ಯಾಧಿಕಾರಿ ಕೂಡಲೆ ಅದನ್ನು ಕಿತ್ತುಹಾಕುವಂತೆ ಆಜ್ಞೆ ಮಾಡಿದರು. ಕಿತ್ತುಹಾಕಿದ್ದರಿಂದ ಕಳ್ಳರಿಗೆ ಎಚ್ಚರಿಕೆ ಸಿಕ್ಕಿತು. ಅವರ ಹದಿನಾಲ್ಕು ಫೋನುಗಳೂ ಮೌನವಾದವು. ಮಾರ್ಚ್ 9ರಂದು, ಕಂಪೆನಿಯ ಜಾಲವನ್ನು ಯೋಜಿಸುತ್ತಿದ್ದ ತರುಣ ಎಂಜಿನಿಯರೊಬ್ಬರು ತಮ್ಮ ಮನೆಯಲ್ಲಿ ನೇಣಿಗೆ ಸಿಕ್ಕಿ ಸತ್ತಿದ್ದದ್ದು ಕಂಡುಬಂತು. ಮರುದಿನ ಸರಕಾರಕ್ಕೆ ವಿಷಯ ತಿಳಿಸಲಾಯಿತು. ಜನರಿಗೆ ತಿಳಿದದ್ದು 2006ರ ಫೆಬ್ರವರಿಯಲ್ಲಿ. ಕಂಪೆನಿಗೆ 7 ಕೋಟಿ 60 ಲಕ್ಷ ಯೂರೋ ದಂಡ ಬಿತ್ತು. ಆ ಎಂಜಿನಿಯರರ ಮನೆಯವರು ಮಾತ್ರ ಸುಮ್ಮನಾಗಲಿಲ್ಲ. ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯದವರೆಗೂ ಹೋದರು. ಆ ಸಾವಿನ ವಿಚಾರಣೆ ಸರಿಯಾಗಿ ನಡೆದಿಲ್ಲವೆಂದು 2017ರಲ್ಲಿ ನ್ಯಾಯಾಲಯ ಹೇಳಿತು.

ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ನಾವು ಕೇಳಿದ್ದೇವೆ. ಇಲ್ಲಿ ಬೇಲಿಯಲ್ಲಿ ಒಡೆಯನಿಗೆಂದು ಬಿಟ್ಟ ಕಿಂಡಿಯಲ್ಲಿ ಯಾರದೋ ದನ ನುಗ್ಗಿತು. ಕಿಂಡಿ ಬಿಟ್ಟ ಮೇಲೆ ಅದು ಒಡೆಯನಿಗೆ ಮಾತ್ರ ಎಂದು ಬೇಲಿಗೆ ಹೇಗೆ ಗೊತ್ತಾಗಬೇಕು?

ಕನ್ನಡಿಗರಾದ ನಮಗೆ ಕದ್ದಾಲಿಕೆ ಹೊಸ ಶಬ್ದವಲ್ಲ. 1988ರ ಆಗಸ್ಟಿನಲ್ಲಿ ಟೆಲಿಫೋನು ಕದ್ದಾಲಿಕೆಯ ವಿವಾದದಿಂದಾಗಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಟೆಲಿಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬಾಳಿಗೆ ಸೇರಿದ್ದು, ಅದನ್ನು ಕೇಳಬೇಕಾದರೆ ನಿಯಮವಿರಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ವಾದಗಳಲ್ಲೆಲ್ಲ ಪ್ರಶ್ನೆ ಒಂದೇ: ಸರಕಾರ ಈ ಬಾಗಿಲನ್ನು ನ್ಯಾಯವಾಗಿ ಬಳಸೀತೇ? ಅಥೆನ್ಸು ಇನ್ನೊಂದು ಪ್ರಶ್ನೆಯನ್ನು ಸೇರಿಸಿತು: ಸರಕಾರವಲ್ಲದವರೂ ಅದನ್ನು ಬಳಸಬಹುದಲ್ಲವೆ?

ಆ ಪ್ರಶ್ನೆಗೆ ಉತ್ತರ 2024ರಲ್ಲಿ ಅಮೆರಿಕದಿಂದಲೇ ಬಂತು. ಅಲ್ಲಿಯ ಹಲವು ದೊಡ್ಡ ದೂರವಾಣಿ ಕಂಪೆನಿಗಳ ನಡುಮನೆಗೆ ಚೀನಾ ಸರಕಾರದೊಡನೆ ಸಂಬಂಧವುಳ್ಳವರು ಹೊಕ್ಕಿದ್ದಾರೆಂದು ಆ ವರ್ಷದ ನವೆಂಬರ್ 13ರಂದು ಎಫ್‌ಬಿಐ ಮತ್ತೊಂದು ಸರಕಾರಿ ಸಂಸ್ಥೆಯೊಡನೆ ಸೇರಿ ಪ್ರಕಟಿಸಿತು. ಚೀನಾ ಅದನ್ನು ನಿರಾಕರಿಸಿತು. ಈ ತಂಡಕ್ಕೆ ‘ಸಾಲ್ಟ್ ಟೈಫೂನ್’ ಎಂದು ಹೆಸರಿಟ್ಟಿದ್ದಾರೆ. ಗ್ರಾಹಕರ ಕರೆಗಳ ದಾಖಲೆಗಳು ಹೋದವು. ರಾಜಕಾರಣದಲ್ಲಿದ್ದ ಕೆಲವರ ಖಾಸಗಿ ಮಾತುಗಳು ಹೋದವು. ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯಾಲಯದ ಅಪ್ಪಣೆಯಂತೆ ಪೊಲೀಸರು ಕೇಳಿದ್ದ ಮಾಹಿತಿಯೂ ಕಳ್ಳರ ಕೈಗೆ ಹೋಯಿತು. 1994ರ ಶಾಸನ ಮಾಡಿಸಿದ ಬಾಗಿಲು ಮೂವತ್ತು ವರ್ಷಗಳ ಮೇಲೆ ಯಾರಿಗೆ ತೆರೆಯಿತು ನೋಡಿ! ಡಿಸೆಂಬರಿನಲ್ಲಿ ಅದೇ ಸರಕಾರ ತನ್ನ ದೊಡ್ಡ ಅಧಿಕಾರಿಗಳಿಗೆ ಸಲಹೆ ಕೊಟ್ಟಿತು: ಎರಡು ತುದಿಗಳಲ್ಲಿ ಮಾತ್ರ ಬಿಚ್ಚಿಕೊಳ್ಳುವ ಗೂಢಲಿಪಿಯ ಸಂದೇಶಗಳನ್ನೇ ಬಳಸಿ, ಗುಟ್ಟಿನ ಸಂಖ್ಯೆಗಾಗಿ ಕಿರುಸಂದೇಶವನ್ನು ನಂಬಬೇಡಿ.

ಕದಿಯುವುದಷ್ಟೇ ಅಲ್ಲ, ಸುಡುವುದೂ ಉಂಟು. ಯುಕ್ರೇನಿನ ಅತಿ ದೊಡ್ಡ ಮೊಬೈಲು ಕಂಪೆನಿ ಕೀವ್‌ಸ್ಟಾರ್. ಅದರ ಗ್ರಾಹಕರು ಸುಮಾರು ಎರಡೂವರೆ ಕೋಟಿ. ಯುದ್ಧದ ನಡುವೆ, 2023ರ ಡಿಸೆಂಬರ್ 12ರ ಬೆಳಿಗ್ಗೆ ಆ ಫೋನುಗಳೆಲ್ಲ ಮೂಕವಾದವು. ಸಾವಿರಾರು ಗಣಕಗಳ ಒಳಗಿದ್ದುದನ್ನೆಲ್ಲ ಒರೆಸಿಹಾಕಲಾಗಿತ್ತು. ಒಬ್ಬ ನೌಕರನ ಖಾತೆಯ ಮೂಲಕ ವೈರಿಗಳು ಒಳಗೆ ಬಂದಿದ್ದರೆಂದು ಕಂಪೆನಿಯ ಮುಖ್ಯಸ್ಥ ಹೇಳಿದ. ಕನಿಷ್ಠ ಆ ವರ್ಷದ ಮೇ ತಿಂಗಳಿನಿಂದ ಅವರು ಒಳಗೇ ಇದ್ದರೆಂದು ಆ ದೇಶದ ಭದ್ರತಾ ಇಲಾಖೆಯ ಅಧಿಕಾರಿ ಹೇಳಿದ. ಏಳು ತಿಂಗಳು! ಕೆಲವು ಕಡೆ ವಿಮಾನದಾಳಿಯ ಎಚ್ಚರಿಕೆಯ ಗಂಟೆಗಳು ಕೆಲಸಮಾಡಲಿಲ್ಲ. ಲ್ವೀವ್ ನಗರದಲ್ಲಿ ಬೀದಿದೀಪಗಳನ್ನು ಆರಿಸುವ ಯಂತ್ರಕ್ಕೂ ಅದೇ ಕಂಪೆನಿಯ ಸಂಪರ್ಕವಿದ್ದುದರಿಂದ ಬೆಳಗಾದ ಮೇಲೆ ಅವುಗಳನ್ನು ಕೈಯಿಂದಲೇ ಆರಿಸಬೇಕಾಯಿತು.

2025ರ ಏಪ್ರಿಲಿನಲ್ಲಿ ದಕ್ಷಿಣ ಕೊರಿಯಾದ ಎಸ್‌ಕೆ ಟೆಲಿಕಾಂ ಕಂಪೆನಿಯ ತವರಿನ ಖಾತೆಗೇ ಕನ್ನ ಬಿದ್ದದ್ದು ತಿಳಿಯಿತು. 2 ಕೋಟಿ 30 ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಹೋಗಿತ್ತು. ಸಿಮ್ ನಿಜವಾದದ್ದೆಂದು ಗುರುತಿಸುವ ಗುಪ್ತ ಕೀಲಿಗಳೂ ಅದರಲ್ಲಿದ್ದವು. ಆ ಕೀಲಿಗಳನ್ನು ಗೂಢಲಿಪಿಗೆ ತಿರುಗಿಸದೆ ಹಾಗೆಯೇ ಇಟ್ಟಿದ್ದರಂತೆ. ಎಲ್ಲರಿಗೂ ಹೊಸ ಸಿಮ್ ಕೊಡುವುದಾಗಿ ಕಂಪೆನಿ ಹೇಳಬೇಕಾಯಿತು. ಅಂಗಡಿಗಳ ಮುಂದೆ ಸಾಲುಗಳು ಬೆಳೆದವು. ಆಗಸ್ಟಿನಲ್ಲಿ ಸುಮಾರು 13,480 ಕೋಟಿ ವಾನ್ ದಂಡ ಬಿತ್ತು.

ಈ ಪ್ರಕರಣಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಸ್ಟ್ರೌಜರನ ಕಾಲದಲ್ಲಿ ನಾವು ಜೋಡಿಸುವ ಹೆಂಗಸನ್ನು ನಂಬಿದ್ದೆವು. ಅವಳನ್ನು ತೆಗೆದು ಸ್ವರವನ್ನು ನಂಬಿದೆವು. ಸ್ವರವನ್ನು ತೆಗೆದು ನೆರೆಯ ಕಂಪೆನಿಯನ್ನು ನಂಬಿದೆವು. ಜೊತೆಗೆ ಸರಕಾರದ ಬಾಗಿಲನ್ನೂ, ಬೀಗದ ಕೈ ಹಿಡಿದ ನೌಕರನನ್ನೂ ನಂಬಿದೆವು. ಕನ್ನ ಹಾಕಿದವರು ಗೋಡೆಯನ್ನು ಒಡೆದದ್ದು ಕಡಿಮೆ. ನಂಬಿಕೆ ಎಲ್ಲಿತ್ತೋ ಅಲ್ಲಿಂದಲೇ ಒಳಗೆ ಬಂದದ್ದು ಹೆಚ್ಚು.

ಈಗಿನ ಐದನೆಯ ಪೀಳಿಗೆಯ ಜಾಲವನ್ನು ಕಟ್ಟಿದವರು ಈ ಪಾಠವನ್ನು ಕಲಿತಿದ್ದಾರೆ. ಅದರ ಮೊದಲ ನಿಯಮಾವಳಿ ಸಿದ್ಧವಾದದ್ದು 2018ರಲ್ಲಿ. ನಮ್ಮ ದೇಶಕ್ಕೆ ಅದು 2022ರ ಅಕ್ಟೋಬರಿನಲ್ಲಿ ಬಂತು. ಅದರಲ್ಲಿ ಎರಡು ಕಂಪೆನಿಗಳು ಮಾತನಾಡುವ ಗಡಿಯಲ್ಲಿ ಪುರಾವೆ ಕೇಳುವ ಕಾವಲಿದೆ. ಗ್ರಾಹಕನ ಗುರುತು ಗಾಳಿಯಲ್ಲಿ ಬಯಲಾಗಿ ಹೋಗದಂತೆ ಮುಚ್ಚುವ ಉಪಾಯವಿದೆ. ಆದರೆ ಹೊಸ ಮನೆ ಕಟ್ಟಿದ ಮಾತ್ರಕ್ಕೆ ಹಳೆಯ ಮನೆ ಬಿದ್ದುಹೋಗುವುದಿಲ್ಲ. ಎಷ್ಟೋ ಕಡೆ ಹೊಸ ಗೋಪುರದ ಹಿಂದೆ ನಾಲ್ಕನೆಯ ಪೀಳಿಗೆಯ ನಡುಮನೆಯೇ ಕೆಲಸ ಮಾಡುತ್ತಿದೆ. ಹಳೆಯ ಫೋನುಗಳಿಗಾಗಿ ಏಳನೆಯ ಸಂಕೇತ ವ್ಯವಸ್ಥೆಯೂ ಉಳಿದುಕೊಂಡಿದೆ. ಅಲ್ಲದೆ, ಹೊಸ ನಡುಮನೆಯೆಲ್ಲ ಸಾಮಾನ್ಯ ಗಣಕಗಳ ಮೇಲೆ ಓಡುವ ತಂತ್ರಾಂಶ. ಕೀವ್‌ಸ್ಟಾರಿನಲ್ಲಿ ಒರೆಸಿಹೋದದ್ದು ಇಂಥದೇ.

ಹಾಗೆಂದು ವಾಚಕರು ಹೆದರಿ ಫೋನನ್ನು ಬಾವಿಗೆ ಹಾಕಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಹಣ ಕಳೆದುಕೊಂಡವರ ಕಥೆಗಳನ್ನು ಕೇಳಿದರೆ, ಹೆಚ್ಚಿನವರು ಸವಿಮಾತಿಗೆ ಮರುಳಾಗಿ ಗುಟ್ಟಿನ ಸಂಖ್ಯೆಯನ್ನು ತಾವೇ ಹೇಳಿದವರು. ಆ ಎಚ್ಚರ ಮೊದಲನೆಯದು. ಆದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕೆಂಬ ಭರವಸೆಯನ್ನು ನಾನು ಇನ್ನು ಕೊಡಲಾರೆ. ಭಾರತೀಯ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, ಕಿರುಸಂದೇಶವೊಂದನ್ನೇ ನೆಚ್ಚದೆ ಬೇರೆ ಬಗೆಯ ಪುರಾವೆಗಳಿಗೂ ದಾರಿ ಮಾಡಿದೆ. ಅವಕಾಶವಿರುವವರು ಆ ದಾರಿ ಹಿಡಿಯುವುದು ಮೇಲು. ಕದ್ದಾಲಿಕೆಯ ಬಾಗಿಲು ಬೇಕೋ ಬೇಡವೋ ಎಂಬ ಚರ್ಚೆ ಬಂದಾಗ, ‘ನಾವು ತಪ್ಪು ಮಾಡದಿದ್ದರೆ ನಮಗೇನು ಭಯ?’ ಎಂದು ಸುಮ್ಮನಾಗದಿರುವುದೂ ಮೇಲು. ಗ್ರೀಸಿನ ಪ್ರಧಾನಿ ಏನು ತಪ್ಪು ಮಾಡಿದ್ದರು?

ಮೊನ್ನೆ ನನ್ನ ಮಿತ್ರರ ಮನೆಗೆ ಹೋಗಿ, ಅಂದು ಹೇಳಿದ್ದು ತಪ್ಪೆಂದು ಒಪ್ಪಿಕೊಂಡು ಇದನ್ನೆಲ್ಲ ವಿವರಿಸಿದೆ. ಅವರು ಬಹಳ ಹೊತ್ತು ಕೇಳಿದರು. ಆಮೇಲೆ, “ನಮ್ಮ ಹಳ್ಳಿಯ ಮನೆಯಲ್ಲಿ ಹಬ್ಬಕ್ಕೆ ನಲವತ್ತು ಜನ ಸೇರುತ್ತಿದ್ದರು, ಸ್ವಾಮಿ. ಎಲ್ಲರೂ ನಮ್ಮವರೇ. ನಡುಮನೆಗೆ ಯಾರು ಬಂದರೂ ತಡೆಯುತ್ತಿರಲಿಲ್ಲ. ಆದರೂ ಒಡವೆಯ ಪೆಟ್ಟಿಗೆಯ ಬೀಗದ ಕೈ ಮಾತ್ರ ನಮ್ಮ ತಾಯಿಯ ಸೊಂಟದಲ್ಲೇ ಇರುತ್ತಿತ್ತು” ಎಂದರು.

ಎರಡು ತುದಿಯ ಗೂಢಲಿಪಿಯ ವಿಷಯವನ್ನು ನಾನು ಅರ್ಧ ಗಂಟೆ ವಿವರಿಸಿದ್ದೆ. ಅವರು ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಟ್ಟರು. ಕಾಫಿ ಬಂತು, ಇಬ್ಬರೂ ಕುಡಿದೆವು. ಈ ಸಲ ಅವರಿಗೆ ಪೂರ್ತಿ ಸಮಾಧಾನವಾಗಿತ್ತೆಂದು ಹೇಳಲಾರೆ. ಆದರೆ ನನ್ನ ಮಾತು ಸುಳ್ಳಾಗಿರಲಿಲ್ಲ.